ಉದಾರತೆಯನ್ನು ಯಾರಿಂದ ಕೇಳಬೇಕು: ಮುಕ್ತ ಪರವಾನಗಿ ಮತ್ತು ನಮ್ಮ ಸೀಮೆಯ ಕಲಾವಿದರು

ಜಾತ್ರೆಯ ಹಂಗಾಮು ಬಂತೆಂದರೆ ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳ ಹಳ್ಳಿಗಳಲ್ಲಿ ಸಾಮಾಜಿಕ ನಾಟಕದ ತಾಲೀಮು ಶುರುವಾಗುತ್ತದೆ. ಹಾರ್ಮೋನಿಯಂ ಮಾಸ್ತರರಿಗೆ, ಹೊರಗಿನಿಂದ ಬರುವ ನಟಿಯರಿಗೆ, ಸೀನರಿಗೆ, ಮೈಕ್ ಸೆಟ್ಟಿಗೆ, ಶಾಮಿಯಾನಕ್ಕೆ ಊರವರು ಹಣ ಹೊಂದಿಸುತ್ತಾರೆ. ನಾಟಕ ಬರೆದವರಿಗೆ ಮಾತ್ರ ಬಹಳ ಸಲ ಒಂದು ರೂಪಾಯಿಯೂ ಮುಟ್ಟುವುದಿಲ್ಲ. ಆಡುವವರ ಕೈಯಲ್ಲಿರುವುದು ಎಷ್ಟೋ ಬಾರಿ ಅಚ್ಚಾದ ಪುಸ್ತಕವೂ ಅಲ್ಲ, ಅದರ ಜೆರಾಕ್ಸ್. ಎರಡನೇ ಪುಟದಲ್ಲಿ ಎಲ್ಲ ಹಕ್ಕುಗಳನ್ನು ಕಾಯ್ದಿರಿಸಲಾಗಿದೆ, ಪ್ರದರ್ಶನಕ್ಕೆ ಮುನ್ನ ಲೇಖಕರ ಅನುಮತಿ ಪಡೆಯಬೇಕು ಎಂಬ ಸಾಲು ಜೆರಾಕ್ಸಿನಲ್ಲೂ ಮೂಡಿರುತ್ತದೆ. ಅದರ ಪಕ್ಕದಲ್ಲೇ ಪಾತ್ರಧಾರಿಗಳ ಹೆಸರು, ಪ್ರವೇಶದ ಗುರುತುಗಳು, ತಾಲೀಮಿನ ತಾರೀಖು ಪೆನ್ನಿನಲ್ಲಿ ಬರೆದಿರುತ್ತವೆ. ಆ ಸಾಲನ್ನು ಯಾರೂ ಧಿಕ್ಕರಿಸಿಲ್ಲ. ಅದು ತಮಗೆ ಅನ್ವಯಿಸುತ್ತದೆ ಎಂದು ಯಾರಿಗೂ ಅನಿಸಿಯೇ ಇಲ್ಲ.

ಕಾನೂನಿಗೂ ರೂಢಿಗೂ ನಡುವೆ ಬಿದ್ದಿರುವ ಈ ಕಂದಕವನ್ನು ತುಂಬುವುದು ಹೇಗೆ ಎಂಬುದೇ ಮುಕ್ತ ಪರವಾನಗಿಗಳ, ಅಂದರೆ ಕೃತಿಯ ಬಳಕೆಗೆ ಷರತ್ತು ಹಾಕಿ ಎಲ್ಲರಿಗೂ ಮೊದಲೇ ಕೊಡುವ ಒಪ್ಪಿಗೆಗಳ, ಚರ್ಚೆಯ ತಿರುಳು. ಚರ್ಚೆ ಹುಟ್ಟಿದ್ದು ಅಮೆರಿಕದಲ್ಲಿ. ಆದರೆ ಅದು ನಮ್ಮ ನಾಟಕಕಾರರನ್ನು, ಕೋಟೆಯ ಚಿತ್ರ ತೆಗೆಯುವ ಛಾಯಾಗ್ರಾಹಕರನ್ನು, ಗೊಲ್ಲರಹಟ್ಟಿಗಳ ಹಾಡುಗಾರ್ತಿಯರನ್ನು ನೇರವಾಗಿ ಮುಟ್ಟುತ್ತದೆ.

ಮೊದಲು ಕಾನೂನು. ಭಾರತದ ಕೃತಿಸ್ವಾಮ್ಯ (ಕಾಪಿರೈಟ್) ಕಾಯ್ದೆ 1957ರದು. ಕವಿತೆಯಾಗಲಿ, ಚಿತ್ರವಾಗಲಿ, ರಚಿಸಿದ ಕ್ಷಣದಿಂದಲೇ ಹಕ್ಕು ಹುಟ್ಟುತ್ತದೆ. ನೋಂದಣಿ ಕಡ್ಡಾಯವಲ್ಲ. ಲೇಖಕರ ಜೀವಿತಾವಧಿ ಮತ್ತು ಅನಂತರದ 60 ವರ್ಷ ಆ ಹಕ್ಕು ಉಳಿಯುತ್ತದೆ. 1992ರ ತಿದ್ದುಪಡಿಗೆ ಮೊದಲು ಇದು 50 ವರ್ಷವಾಗಿತ್ತು. 1941ರಲ್ಲಿ ತೀರಿಕೊಂಡ ರವೀಂದ್ರನಾಥ ಠಾಕೂರರ ಕೃತಿಗಳು ಸಾರ್ವಜನಿಕ ಸ್ವತ್ತಾಗುವ ಹೊತ್ತಿಗೆ ಹತ್ತು ವರ್ಷ ಸೇರಿಸಲಾಯಿತು. ಛಾಯಾಚಿತ್ರಗಳಿಗೂ 2012ರ ತಿದ್ದುಪಡಿಯ ನಂತರ ಇದೇ ಲೆಕ್ಕ. ಇಂದು ಮೊಬೈಲಿನಲ್ಲಿ ತೆಗೆದ ಒಂದು ಚಿತ್ರವೂ ತೆಗೆದವರ ಮೊಮ್ಮಕ್ಕಳ ಕಾಲದವರೆಗೆ ಬೀಗದೊಳಗೇ ಇರುತ್ತದೆ, ತೆಗೆದವರಿಗೆ ಆ ಬೀಗ ಬೇಕಿರಲಿ, ಬೇಡದಿರಲಿ.

ಆದರೂ ಕಾಯ್ದೆ ನಾವು ತಿಳಿದಷ್ಟು ಬಿಗಿಯಾಗಿಲ್ಲ. 52ನೇ ಕಲಮಿನಲ್ಲಿ ವಿನಾಯಿತಿಗಳ ದೊಡ್ಡ ಪಟ್ಟಿಯೇ ಇದೆ. ಹವ್ಯಾಸಿ ಸಂಘವೊಂದು ಪ್ರೇಕ್ಷಕರಿಂದ ಹಣ ಪಡೆಯದೆ ಅಥವಾ ಧಾರ್ಮಿಕ ಸಂಸ್ಥೆಯ ಸಹಾಯಾರ್ಥವಾಗಿ ನಾಟಕ ಆಡಿದರೆ ಅದು ಉಲ್ಲಂಘನೆಯಲ್ಲ ಎಂದು ಅಲ್ಲಿ ಸ್ಪಷ್ಟವಾಗಿ ಬರೆದಿದೆ. ದೇವಸ್ಥಾನದ ಮುಂದೆ ಟಿಕೆಟ್ ಇಲ್ಲದೆ ಆಡುವ ಜಾತ್ರೆಯ ನಾಟಕಕ್ಕೆ ಈ ಬಾಗಿಲು ತೆರೆದೇ ಇದೆ. ಟಿಕೆಟ್ ಇಟ್ಟು ಹಣವನ್ನು ತಂಡವೇ ಹಂಚಿಕೊಂಡರೆ ಮಾತು ಬೇರೆ. ವೃತ್ತಿನಟಿಯರಿಗೆ ಸಂಭಾವನೆ ಕೊಟ್ಟಾಗ ತಂಡವನ್ನು ಹವ್ಯಾಸಿ ಎನ್ನಬಹುದೇ ಎಂಬ ಪ್ರಶ್ನೆಯೂ ಏಳಬಹುದು.

ಈ ವಿನಾಯಿತಿ ಸುಪ್ರೀಂ ಕೋರ್ಟಿನವರೆಗೆ ಹೋದದ್ದು ಕರ್ನಾಟಕದ್ದೇ ಪ್ರಕರಣದಲ್ಲಿ. ಶಿವರಾಮ ಕಾರಂತರು ಯಕ್ಷಗಾನವನ್ನು ಬ್ಯಾಲೆಯಾಗಿ ರೂಪಿಸಿದ್ದರು. ಅವರು ತೀರಿಕೊಂಡ ಮೇಲೆ, 2001ರಲ್ಲಿ, ಮಣಿಪಾಲದ ಶಿಕ್ಷಣ ಸಂಸ್ಥೆ ಅದನ್ನು ದೆಹಲಿಯಲ್ಲಿ ಪ್ರದರ್ಶಿಸಿತು. ಉಯಿಲಿನ ಮೂಲಕ ಹಕ್ಕು ಪಡೆದಿದ್ದವರು ನ್ಯಾಯಾಲಯದ ಮೆಟ್ಟಿಲೇರಿದರು. 2009ರಲ್ಲಿ ಸುಪ್ರೀಂ ಕೋರ್ಟ್ ಅವರ ಹಕ್ಕನ್ನು ಎತ್ತಿಹಿಡಿಯಿತು. ಜೊತೆಗೆ, 52ನೇ ಕಲಮಿನ ವಿನಾಯಿತಿಗಳು ಅನ್ವಯಿಸುವ ಕಡೆ ಸಂಸ್ಥೆ ಅವುಗಳ ಲಾಭ ಪಡೆಯಬಹುದು ಎಂದೂ ಹೇಳಿತು. ತಲೆಮಾರುಗಳಿಂದ ಬಂದ ಕಲೆಗೆ ಒಬ್ಬರು ಕೊಟ್ಟ ಹೊಸ ರೂಪ ಯಾರದು ಎಂಬ ಪ್ರಶ್ನೆಯನ್ನು ಕರಾವಳಿ ಇಷ್ಟು ಹಿಂದೆಯೇ ಎದುರಿಸಿತು. ಬಯಲುಸೀಮೆಯ ನಾವು ಇನ್ನೂ ಎದುರಿಸಿಲ್ಲ.

ವಿನಾಯಿತಿ ಇದ್ದ ಮೇಲೆ ಪರವಾನಗಿ ಏಕೆ? ವಿನಾಯಿತಿ ಎಲ್ಲಿಗೆ ಮುಗಿಯುತ್ತದೆ ಎಂದು ಹೇಳಲು ವಕೀಲರು ಬೇಕು. ಪರವಾನಗಿಯನ್ನು ಸಾಮಾನ್ಯರೂ ಓದಿಕೊಳ್ಳಬಹುದು. ಕ್ರಿಯೇಟಿವ್ ಕಾಮನ್ಸ್ ಸಂಸ್ಥೆ 2001ರಲ್ಲಿ ಹುಟ್ಟಿದ್ದು ಈ ಕಾರಣಕ್ಕೆ. ಕಾನೂನು ಪ್ರಾಧ್ಯಾಪಕ ಲಾರೆನ್ಸ್ ಲೆಸಿಗ್ ಅದರ ಸ್ಥಾಪಕರಲ್ಲಿ ಒಬ್ಬರು. 2002ರ ಡಿಸೆಂಬರಿನಲ್ಲಿ ಮೊದಲ ಪರವಾನಗಿಗಳು ಹೊರಬಂದವು. ಈಗ ಬಳಕೆಯಲ್ಲಿರುವ ನಾಲ್ಕನೇ ಆವೃತ್ತಿ 2013ರದು. ಹಕ್ಕು ಲೇಖಕರಲ್ಲೇ ಉಳಿಯುತ್ತದೆ. ನಕಲು ಮಾಡಿ ಹಂಚಲು ಅವರು ಎಲ್ಲರಿಗೂ ಮೊದಲೇ ಒಪ್ಪಿಗೆ ಕೊಟ್ಟಿರುತ್ತಾರೆ, ಷರತ್ತು ಹಾಕಿ. ಮೂಲ ಷರತ್ತು ಹೆಸರು ಹೇಳಬೇಕು ಎಂಬುದು. ಬೇಕಿದ್ದರೆ ಇನ್ನೂ ಮೂರನ್ನು ಹೊಂದಿಸಿಕೊಳ್ಳಬಹುದು: ವಾಣಿಜ್ಯಕ್ಕೆ ಬಳಸಬಾರದು, ಬದಲಿಸಿ ಹಂಚಬಾರದು, ಬದಲಿಸಿದರೆ ಹೊಸ ಕೃತಿಯನ್ನೂ ಇದೇ ಷರತ್ತಿನಲ್ಲಿ ಹಂಚಬೇಕು. ಇವುಗಳ ಜೋಡಣೆಯಿಂದ ಆರು ಪರವಾನಗಿಗಳು ಸಿಗುತ್ತವೆ.

ಭಾರತದ ಕಾನೂನಿನಲ್ಲಿ ಇದಕ್ಕೆ ಅಡ್ಡಿಯಿಲ್ಲ. 30ನೇ ಕಲಂ ಲಿಖಿತ ಪರವಾನಗಿಗೆ ಅವಕಾಶ ಕೊಡುತ್ತದೆ, 2012ರ ನಂತರ ಅದಕ್ಕೆ ಸಹಿಯೂ ಬೇಕಿಲ್ಲ. ಹಕ್ಕನ್ನೇ ಪೂರ್ತಿ ತೊರೆಯುವುದಾದರೆ 21ನೇ ಕಲಮಿನಡಿ ಸಾರ್ವಜನಿಕ ಪ್ರಕಟಣೆ ಸಾಕು.

ಕನ್ನಡಕ್ಕೆ ಇದರಿಂದ ಆದ ಲಾಭ ಕಣ್ಣಿಗೆ ಕಾಣುವಂಥದ್ದು. ಕಾದಂಬರಿಕಾರ ನಿರಂಜನರ ಕೃತಿಗಳನ್ನು ಅವರ ಕುಟುಂಬವೇ ಹೆಸರು ಹೇಳಿ, ಅದೇ ಷರತ್ತಿನಲ್ಲಿ ಹಂಚುವ ಪರವಾನಗಿಯಡಿ ಬಿಡುಗಡೆ ಮಾಡಿತು. ಮೈಸೂರು ವಿಶ್ವವಿದ್ಯಾಲಯದ ಕನ್ನಡ ವಿಶ್ವಕೋಶವೂ 2014ರಲ್ಲಿ ಹೀಗೆಯೇ ಮುಕ್ತವಾಯಿತು. ಗ್ರಂಥಾಲಯದ ಕಪಾಟಿನಲ್ಲಿದ್ದ ಸಂಪುಟಗಳನ್ನು ಹೊಳಲ್ಕೆರೆಯ ಪ್ರೌಢಶಾಲೆಯ ವಿದ್ಯಾರ್ಥಿಯೂ ಮೊಬೈಲಿನಲ್ಲಿ ಓದಬಹುದು, ಜಗಳೂರಿನ ಶಿಕ್ಷಕರು ಬೇಕಾದ ಪುಟ ಆರಿಸಿ ಪಾಠದ ಟಿಪ್ಪಣಿಗೆ ಸೇರಿಸಿಕೊಳ್ಳಬಹುದು, ಯಾರ ಅಪ್ಪಣೆಯನ್ನೂ ಕಾಯಬೇಕಿಲ್ಲ.

ಜಗಳ ಹುಟ್ಟುವುದು ಹಣದ ಪ್ರಶ್ನೆ ಬಂದಾಗ. ಚಿತ್ರದುರ್ಗದ ಕೋಟೆಯ ಮೇಲೆ ಮಳೆಗಾಲದ ಬೆಳಕು ಬಿದ್ದ ಹೊತ್ತು ಸೆರೆಹಿಡಿಯಲು ಮುಂಜಾನೆ ಹತ್ತಿ ಕಾಯುವ ಯುವಕನೊಬ್ಬನನ್ನು ಊಹಿಸಿಕೊಳ್ಳಿ. ಹೆಸರು ಹೇಳಿದರೆ ಸಾಕು ಎಂಬ ಷರತ್ತಿನಲ್ಲಿ ಅವನು ಚಿತ್ರವನ್ನು ಅಂತರ್ಜಾಲಕ್ಕೆ ಹಾಕುತ್ತಾನೆ. ಕೆಲವು ತಿಂಗಳಲ್ಲಿ ಅದು ರೆಸಾರ್ಟೊಂದರ ಜಾಹೀರಾತಿನಲ್ಲಿ, ಬ್ಯಾಂಕಿನ ಕ್ಯಾಲೆಂಡರಿನಲ್ಲಿ, ಉತ್ಸವದ ಫ್ಲೆಕ್ಸಿನಲ್ಲಿ ಕಾಣಿಸಿಕೊಳ್ಳುತ್ತದೆ. ಹೆಸರು ಹಾಕಿದ್ದರೆ ಅವನು ಹಣ ಕೇಳುವಂತಿಲ್ಲ. ಹೆಸರನ್ನೂ ಹಾಕದಿದ್ದರೆ ಪರವಾನಗಿ ತಾನಾಗಿ ರದ್ದಾಗುತ್ತದೆ, ಆಗ ಅದು ನೇರ ಉಲ್ಲಂಘನೆ. ನಾಲ್ಕನೇ ಆವೃತ್ತಿಯಲ್ಲಿ ತಪ್ಪು ಗೊತ್ತಾದ 30 ದಿನಗಳೊಳಗೆ ಸರಿಪಡಿಸಿಕೊಂಡವರಿಗೆ ಪರವಾನಗಿ ಮರಳಿ ಸಿಗುತ್ತದೆ. ಆದರೆ ಫ್ಲೆಕ್ಸ್ ಕಟ್ಟಿ ಹದಿನೈದು ದಿನಕ್ಕೆ ಬಿಚ್ಚುವವರ ಮೇಲೆ ಯಾರು ದಾವೆ ಹೂಡುತ್ತಾರೆ?

ಹಾಗಾದರೆ ವಾಣಿಜ್ಯಕ್ಕೆ ಬಳಸಬಾರದು ಎಂಬ ಷರತ್ತು ಹಾಕಿದರಾಯಿತು ಎನ್ನಿಸುತ್ತದೆ. ಮುಕ್ತ ಜ್ಞಾನದ ಪರವಾಗಿರುವವರು ಇದನ್ನು ಒಪ್ಪುವುದಿಲ್ಲ. ವಿಕಿಪೀಡಿಯ ಮತ್ತು ಅದರ ಚಿತ್ರಭಂಡಾರ ಈ ಷರತ್ತಿನ ಚಿತ್ರಗಳನ್ನು ಸ್ವೀಕರಿಸುವುದಿಲ್ಲ. ಸಂತೇಬೆನ್ನೂರಿನ ಪುಷ್ಕರಿಣಿಯ ಲೇಖನಕ್ಕೆ ಒಳ್ಳೆಯ ಚಿತ್ರ ಬೇಕೆಂದರೆ ತೆಗೆದವರು ವಾಣಿಜ್ಯ ಬಳಕೆಗೂ ಒಪ್ಪಲೇಬೇಕು. ಇನ್ನು, ವಾಣಿಜ್ಯ ಎಲ್ಲಿಂದ ಆರಂಭ ಎಂಬುದೂ ತೊಡಕಿನ ಪ್ರಶ್ನೆ. ಅಮೆರಿಕದಲ್ಲಿ ಗ್ರೇಟ್ ಮೈಂಡ್ಸ್ ಎಂಬ ಸಂಸ್ಥೆ ವಾಣಿಜ್ಯೇತರ ಷರತ್ತಿನಲ್ಲಿ ಪಠ್ಯ ಹಂಚಿತ್ತು. ಶಾಲೆಗಳು ಅದನ್ನು ಫೆಡೆಕ್ಸ್‌ನ ಅಂಗಡಿಗಳಲ್ಲಿ ಹಣ ಕೊಟ್ಟು ನಕಲು ಮಾಡಿಸಿದವು. ಅಂಗಡಿ ಲಾಭ ಮಾಡಿಕೊಂಡಿದೆ ಎಂದು ಸಂಸ್ಥೆ ದಾವೆ ಹೂಡಿತು. 2018ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ತಳ್ಳಿಹಾಕಿತು: ಬಳಸಿದ್ದು ಶಾಲೆ, ಅಂಗಡಿ ಶಾಲೆಯ ಪರವಾಗಿ ನಕಲು ಮಾಡಿದೆ ಅಷ್ಟೇ. ಕಾಲೇಜಿನ ಎದುರು ಜೆರಾಕ್ಸ್ ಅಂಗಡಿ ಇರುವ ಯಾವ ಊರಿಗೂ ಈ ತೀರ್ಪು ಅರ್ಥವಾಗುತ್ತದೆ.

ನನ್ನ ಅಭಿಪ್ರಾಯ ಹೇಳುವುದಾದರೆ, ಕಲೆಯಿಂದಲೇ ಅನ್ನ ಕಾಣಬೇಕಾದವರು ವಾಣಿಜ್ಯೇತರ ಷರತ್ತು ಹಾಕಿಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ. ಅದರಿಂದ ವಿಕಿಪೀಡಿಯಕ್ಕೆ ಒಂದು ಚಿತ್ರ ಕಡಿಮೆಯಾಗಬಹುದು. ಕಲಾವಿದನ ಮನೆಯ ಬಾಡಿಗೆ ಅದಕ್ಕಿಂತ ದೊಡ್ಡದು. ಸಾರ್ವಜನಿಕರಿಗೆ ಉಚಿತ, ವಾಣಿಜ್ಯ ಬಳಕೆಗೆ ಬೇರೆ ದರ ಎಂಬ ಎರಡು ಪದರದ ವ್ಯವಸ್ಥೆಯನ್ನು ಕ್ರಿಯೇಟಿವ್ ಕಾಮನ್ಸ್ ಕೂಡ ಒಪ್ಪುತ್ತದೆ. ನಮ್ಮ ನಾಟಕಕಾರರಿಗೆ ಹೇಳಿ ಮಾಡಿಸಿದ ದಾರಿ ಇದು. ಟಿಕೆಟ್ ಇಲ್ಲದ ಪ್ರದರ್ಶನಕ್ಕೆ ಯಾರ ಅನುಮತಿಯೂ ಬೇಡ, ಹೆಸರು ಹೇಳಿ ಆಡಿ. ಟಿಕೆಟ್ ಇಟ್ಟರೆ ಪ್ರತಿ ಪ್ರದರ್ಶನಕ್ಕೆ ಇಷ್ಟು ರಾಯಧನ, ಈ ಸಂಖ್ಯೆಗೆ ಕಳುಹಿಸಿ ಎಂದು ಎರಡನೇ ಪುಟದಲ್ಲಿ ಅಚ್ಚು ಹಾಕಿದರೆ, ಕೊಡುವ ಮನಸ್ಸಿದ್ದವರಿಗೆ ದಾರಿಯಾದರೂ ತಿಳಿಯುತ್ತದೆ. ಎಲ್ಲವನ್ನೂ ನಿಷೇಧಿಸುವ ಸಾಲಿಗೆ ಈಗ ಯಾರೂ ಮರ್ಯಾದೆ ಕೊಡುತ್ತಿಲ್ಲ. ಕೆಲವನ್ನು ಬಿಟ್ಟುಕೊಟ್ಟು ಒಂದನ್ನು ಕೇಳುವ ಸಾಲಿಗೆ ಮರ್ಯಾದೆ ಸಿಗುವ ಸಂಭವ ಹೆಚ್ಚು.

ಇಷ್ಟು ಹೇಳಿದ ಮೇಲೂ ಒಂದು ಮೂಲ ಪ್ರಶ್ನೆ ಉಳಿಯುತ್ತದೆ. ಕೊಡುವವರಿಗೆ ಅದು ತಮ್ಮದು ಹೌದೋ ಅಲ್ಲವೋ ಗೊತ್ತಿದೆಯೇ? ಸ್ಟುಡಿಯೊ ಇಟ್ಟುಕೊಂಡಿರುವ ಬಹುತೇಕರು, ಕ್ಲಿಕ್ಕಿಸಿದವರದ್ದೇ ಹಕ್ಕು ಎಂದು ನಂಬಿದ್ದಾರೆ. ಕಾಯ್ದೆಯ 17ನೇ ಕಲಂ ಬೇರೆ ಹೇಳುತ್ತದೆ. ಹಣ ಕೊಟ್ಟು ತೆಗೆಸಿದ ಚಿತ್ರಕ್ಕೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಮೊದಲ ಒಡೆತನ ತೆಗೆಸಿದವರದು. ದಾವಣಗೆರೆಯ ಕಲ್ಯಾಣ ಮಂಟಪದಲ್ಲಿ ತೆಗೆದ ಮದುವೆಯ ಚಿತ್ರವನ್ನು ಸ್ಟುಡಿಯೊದವರು ಮುಕ್ತ ಪರವಾನಗಿಯಲ್ಲಿ ಹಂಚುವುದು ಬಾಡಿಗೆ ಮನೆಯನ್ನು ಮಾರಲು ಹೊರಟಂತೆ. ಚಿತ್ರದಲ್ಲಿರುವವರ ಖಾಸಗಿತನದ ಪ್ರಶ್ನೆಯೂ ಬೇರೆಯೇ ಇದೆ. 2007ರಲ್ಲಿ ಟೆಕ್ಸಾಸಿನ ಹುಡುಗಿಯೊಬ್ಬಳ ಚಿತ್ರವನ್ನು, ಹೆಸರು ಹೇಳಿದರೆ ಸಾಕೆಂಬ ಪರವಾನಗಿ ಇದೆಯೆಂದು, ವರ್ಜಿನ್ ಮೊಬೈಲ್ ಎಂಬ ದೂರವಾಣಿ ಕಂಪನಿ ಆಸ್ಟ್ರೇಲಿಯದಲ್ಲಿ ತನ್ನ ಜಾಹೀರಾತು ಫಲಕಗಳಿಗೆ ಬಳಸಿತು. ಚಿತ್ರ ತೆಗೆದವರು ಪರವಾನಗಿ ಕೊಟ್ಟಿದ್ದರು. ಹುಡುಗಿಯನ್ನು ಯಾರೂ ಕೇಳಿರಲಿಲ್ಲ. ಕೃತಿಸ್ವಾಮ್ಯದ ಪರವಾನಗಿ ಆ ಎರಡನೆಯ ಒಪ್ಪಿಗೆಯನ್ನು ಕೊಡಲಾರದು.

ಬರಹಗಾರರ ಸ್ಥಿತಿ ಇದಕ್ಕಿಂತ ಮೇಲೇನಲ್ಲ. ಪುಸ್ತಕ ಅಚ್ಚಾಗುವ ಸಂತೋಷದಲ್ಲಿ ಎಲ್ಲ ಹಕ್ಕುಗಳನ್ನೂ ವಹಿಸಿಕೊಟ್ಟಿದ್ದೇನೆ ಎಂಬ ಕಾಗದಕ್ಕೆ ಸಹಿ ಹಾಕಿ ಮರೆತವರು ಎಷ್ಟೋ ಮಂದಿ. ಅವರಿಗೆ 19ನೇ ಕಲಂ ತಿಳಿದಿರಬೇಕು. ವಹಿಸಿಕೊಟ್ಟ ಕಾಗದದಲ್ಲಿ ಅವಧಿ ಬರೆದಿರದಿದ್ದರೆ ಅದು ಐದು ವರ್ಷಕ್ಕೆ ಮಾತ್ರ. ಪ್ರದೇಶ ಬರೆದಿರದಿದ್ದರೆ ಭಾರತಕ್ಕೆ ಮಾತ್ರ. ಪಡೆದವರು ಒಂದು ವರ್ಷದೊಳಗೆ ಹಕ್ಕನ್ನು ಬಳಸದಿದ್ದರೆ, ಬೇರೆ ಮಾತು ಆಗಿರದ ಪಕ್ಷದಲ್ಲಿ, ಅದು ಮರಳಿ ಬರುತ್ತದೆ. ತಮ್ಮದಲ್ಲ ಎಂದುಕೊಂಡು ಕೈಬಿಟ್ಟ ಕೃತಿ ಇಂದಿಗೆ ತಮ್ಮದೇ ಆಗಿರಬಹುದು. ಹಳೆಯ ಟ್ರಂಕಿನಲ್ಲಿರುವ ಆ ಕಾಗದವನ್ನು ಒಮ್ಮೆ ತೆಗೆದು ಓದುವುದು ಒಳ್ಳೆಯದು.

ದಾವಣಗೆರೆಯ ದೃಶ್ಯಕಲಾ ಮಹಾವಿದ್ಯಾಲಯದಂಥ ಕಡೆ ಕಲಿಯುವವರು ನೆನಪಿಡಬೇಕಾದ ಇನ್ನೊಂದು ಹಕ್ಕಿದೆ. ಕೃತಿಯನ್ನು ಮಾರಿದ ಮೇಲೂ ಅದು ತನ್ನದೆಂದು ಹೇಳಿಕೊಳ್ಳುವ, ತನ್ನ ಗೌರವಕ್ಕೆ ಕುಂದು ಬರುವಂತೆ ಅದನ್ನು ವಿರೂಪಗೊಳಿಸುವುದನ್ನು ತಡೆಯುವ ಹಕ್ಕನ್ನು 57ನೇ ಕಲಂ ಕಲಾವಿದರಿಗೆ ಕೊಟ್ಟಿದೆ. ದೆಹಲಿಯ ವಿಜ್ಞಾನ ಭವನದ ಗೋಡೆಯಿಂದ ತನ್ನ ಭಿತ್ತಿಶಿಲ್ಪವನ್ನು ಕಿತ್ತು ಹಾಳುಗೆಡವಿದ ಸರ್ಕಾರದ ವಿರುದ್ಧ ಶಿಲ್ಪಿ ಅಮರನಾಥ್ ಸೆಹಗಲ್ 2005ರಲ್ಲಿ ದೆಹಲಿ ಹೈಕೋರ್ಟಿನಲ್ಲಿ ಗೆದ್ದದ್ದು ಇದೇ ಕಲಮಿನ ಬಲದಿಂದ.

ಈಗ ಎಲ್ಲಕ್ಕಿಂತ ಕಠಿಣವಾದ ಭಾಗಕ್ಕೆ ಬರುತ್ತೇನೆ. ಚಳ್ಳಕೆರೆ, ಹಿರಿಯೂರು, ಮೊಳಕಾಲ್ಮೂರು ಸೀಮೆಯ ಗೊಲ್ಲರಹಟ್ಟಿಗಳಲ್ಲಿ, ಮ್ಯಾಸಬೇಡರ ಹಟ್ಟಿಗಳಲ್ಲಿ ದೊಡ್ಡ ಮೌಖಿಕ ಪರಂಪರೆ ಇದೆ. ಚಳ್ಳಕೆರೆ ತಾಲ್ಲೂಕಿನ ಸಿರಿಯಜ್ಜಿ ಸಾವಿರಾರು ಹಾಡುಗಳನ್ನು ಕಂಠದಲ್ಲಿಟ್ಟುಕೊಂಡಿದ್ದ ಕಲಾವಿದೆ ಎಂದು ಜಾನಪದ ವಿದ್ವಾಂಸರು ಗುರುತಿಸಿದರು. ಜುಂಜಪ್ಪನ ಕಥೆ, ಗಾದ್ರಿ ಪಾಲನಾಯಕನ ಕಥೆ ಯಾವ ಒಬ್ಬ ಕವಿಯ ಸ್ವತ್ತೂ ಅಲ್ಲ. ಅಂಥ ಹಾಡಿಗೆ ಕಾಯ್ದೆಯಲ್ಲಿ ಒಡೆಯರಿಲ್ಲ. ಆದರೆ ಅದನ್ನು ಧ್ವನಿಮುದ್ರಿಸಿದವರಿಗೆ ಮುದ್ರಿಕೆಯ ಮೇಲೆ 60 ವರ್ಷದ ಹಕ್ಕು ಹುಟ್ಟುತ್ತದೆ. ತಲೆಮಾರುಗಳಿಂದ ಕಾಪಾಡಿದವರ ಹೆಸರಿನಲ್ಲಿ ಏನೂ ಇಲ್ಲ, ಒಂದು ಮಧ್ಯಾಹ್ನ ಮೈಕ್ ಹಿಡಿದವರ ಹೆಸರಿನಲ್ಲಿ ಎಲ್ಲವೂ ಇದೆ. ಇದು ಅನ್ಯಾಯ, ಇದಕ್ಕೆ ಬೇರೆ ಹೆಸರಿಲ್ಲ.

ಹಾಡುವವರಿಗೆ ಹಕ್ಕೇ ಇಲ್ಲವೆಂದಲ್ಲ. ಪ್ರದರ್ಶಕರ ಹಕ್ಕು ಎಂಬುದು ಕಾಯ್ದೆಯ 38ನೇ ಕಲಮಿನಲ್ಲಿದೆ, ಅದರ ಅವಧಿ 50 ವರ್ಷ. 2012ರ ತಿದ್ದುಪಡಿ ಅದನ್ನು ಇನ್ನಷ್ಟು ಗಟ್ಟಿಗೊಳಿಸಿತು: ಒಪ್ಪಿಗೆಯಿಲ್ಲದೆ ಧ್ವನಿಮುದ್ರಣ ಮಾಡುವಂತಿಲ್ಲ, ಪ್ರದರ್ಶಕರ ಹೆಸರನ್ನು ಹೇಳಬೇಕು. ಹಟ್ಟಿಗೆ ಬಂದು ಮೊಬೈಲಿನಲ್ಲಿ ಹಾಡು ತುಂಬಿಕೊಂಡು ಹೋಗಿ ಯೂಟ್ಯೂಬಿಗೆ ಹಾಕುವವರಲ್ಲಿ ಎಷ್ಟು ಮಂದಿ ಇದನ್ನು ಹಾಡಿದ ಅಜ್ಜಿಗೆ ಹೇಳುತ್ತಾರೆ?

ಮುಕ್ತ ಪರವಾನಗಿ ಇಲ್ಲಿ ಮದ್ದಾಗಬಲ್ಲುದೇ? ಪೂರ್ತಿಯಾಗಿ ಅಲ್ಲ ಎನ್ನುವುದು ನನ್ನ ನಿಲುವು. ಕ್ರಿಯೇಟಿವ್ ಕಾಮನ್ಸ್ ಪರವಾನಗಿಯನ್ನು ಒಮ್ಮೆ ಕೊಟ್ಟರೆ ಹಿಂಪಡೆಯುವಂತಿಲ್ಲ. ಪ್ರಬಂಧ ಬರೆಯುವವರಿಗೆ ಅದು ಭರವಸೆ. ಆದರೆ ಕೆಲವು ಹಾಡುಗಳನ್ನು ಇಂಥ ಆಚರಣೆಯಲ್ಲಿ, ಇಂಥವರೇ ಹಾಡಬೇಕು ಎಂಬ ಕಟ್ಟಳೆ ಸಮುದಾಯಗಳಲ್ಲಿರುತ್ತದೆ. ಒಬ್ಬರು ಒಪ್ಪಿದರೆಂದು ಅಂಥ ಹಾಡು ಶಾಶ್ವತವಾಗಿ ಎಲ್ಲರ ಕೈಗೆ ಹೋದರೆ, ನಾಳೆ ಹಟ್ಟಿಯ ಹಿರಿಯರು ಬೇಡವೆಂದರೂ ಅದನ್ನು ಮರಳಿ ತರಲಾಗದು. ಆದಿವಾಸಿ ಸಮುದಾಯಗಳ ಜೊತೆ ಕೆಲಸ ಮಾಡುವ ಲೋಕಲ್ ಕಾಂಟೆಕ್ಸ್ಟ್ಸ್ ಎಂಬ ಅಂತರರಾಷ್ಟ್ರೀಯ ಉಪಕ್ರಮ ಇದಕ್ಕೆಂದೇ ಬೇರೆ ಬಗೆಯ ಗುರುತುಚೀಟಿಗಳನ್ನು ರೂಪಿಸಿದೆ. ಸಮುದಾಯವೇ ತನ್ನ ಕಟ್ಟುಪಾಡನ್ನು ದಾಖಲೆಯ ಮೇಲೆ ನಮೂದಿಸುತ್ತದೆ. ಕಾನೂನಿನ ಬಲ ಅದಕ್ಕೆ ಕಡಿಮೆ. ಆದರೂ ಕೇಳಬೇಕಾದವರನ್ನು ಕೇಳುವ ಪದ್ಧತಿ ಅದರಲ್ಲಿದೆ.

ಕೃತಕ ಬುದ್ಧಿಮತ್ತೆ ಬಂದ ಮೇಲೆ ಈ ಚರ್ಚೆಗೆ ಹೊಸ ಬಿಸಿ ಏರಿದೆ. ಕನ್ನಡದ ಪಠ್ಯ, ಕನ್ನಡದ ದನಿ ಮುಕ್ತವಾಗಿ ಸಿಕ್ಕರೆ ಯಂತ್ರಗಳಿಗೆ ನಮ್ಮ ನುಡಿ ಬರುತ್ತದೆ, ಅದು ಬೇಕು. ಆದರೆ ಹೆಸರು ಹೇಳಬೇಕೆಂಬ ಕನಿಷ್ಠ ಷರತ್ತನ್ನೂ ಯಂತ್ರ ಪಾಲಿಸುವ ದಾರಿ ಕಾಣುತ್ತಿಲ್ಲ. ದೊಡ್ಡ ಕಂಪನಿಗಳು ಮುಕ್ತ ಭಂಡಾರವನ್ನು ಬಾಚಿಕೊಂಡು, ಅದರಿಂದ ಕಟ್ಟಿದ್ದನ್ನು ನಮಗೇ ಮಾರುತ್ತವೆ. ಕ್ರಿಯೇಟಿವ್ ಕಾಮನ್ಸ್ ಸಂಸ್ಥೆಯೇ 2025ರಲ್ಲಿ, ಯಂತ್ರ ತರಬೇತಿಗೆ ಬಳಸುವವರು ಮರಳಿ ಏನಾದರೂ ಕೊಡಬೇಕು ಎಂದು ಸೂಚಿಸುವ ಸಂಕೇತಗಳ ಪ್ರಸ್ತಾವ ಮುಂದಿಟ್ಟಿತು. ತನ್ನ ಸುದ್ದಿಗಳನ್ನು ಅನುಮತಿಯಿಲ್ಲದೆ ಯಂತ್ರ ತರಬೇತಿಗೆ ಬಳಸಲಾಗಿದೆ ಎಂದು ಎಎನ್ಐ ಸುದ್ದಿಸಂಸ್ಥೆ, ಚಾಟ್‌ಜಿಪಿಟಿ ರೂಪಿಸಿದ ಓಪನ್ಎಐ ಕಂಪನಿಯ ವಿರುದ್ಧ 2024ರ ನವೆಂಬರಿನಲ್ಲಿ ದೆಹಲಿ ಹೈಕೋರ್ಟಿಗೆ ಹೋಯಿತು. ಇಲ್ಲಿ ನಿಯಮ ಬರೆಯಬೇಕಾದದ್ದು ಸಂಸತ್ತು. ಲೇಖಕರು ಒಬ್ಬೊಬ್ಬರೇ ಪರವಾನಗಿ ಆರಿಸಿಕೊಂಡು ಇದನ್ನು ತಡೆಯಲಾರರು.

ಮುಕ್ತತೆಯ ಪರವಾಗಿ ಮಾತನಾಡುವ ಸಭೆಗಳಲ್ಲಿ ಕಲಾವಿದರಿಗೆ ಉದಾರವಾಗಿರಿ ಎಂದು ಉಪದೇಶ ಮಾಡುವುದು ಹೆಚ್ಚು. ನನಗೆ ಸರಿಕಾಣದಿರುವುದು ಅದೇ. ಆ ಮಾತನ್ನು ಮೊದಲು ಕೇಳಬೇಕಾದವರು ಸಾರ್ವಜನಿಕ ಹಣದಿಂದ ನಡೆಯುವವರು. ವಿಶ್ವವಿದ್ಯಾಲಯಗಳ ಪ್ರಸಾರಾಂಗಗಳು, ಅಕಾಡೆಮಿಗಳು, ಇಲಾಖೆಗಳು ನಮ್ಮ ತೆರಿಗೆಯಿಂದ ಪುಸ್ತಕ ತರುತ್ತವೆ, ಹಾಡುಗಾರರನ್ನು ಧ್ವನಿಮುದ್ರಿಸುತ್ತವೆ, ಶಿಲಾಶಾಸನಗಳ ಪಡಿಯಚ್ಚು ತೆಗೆಸುತ್ತವೆ. ಪ್ರತಿಗಳು ಮುಗಿದ ಮೇಲೆ ಆ ಪುಸ್ತಕ ಮಾರಾಟಕ್ಕೂ ಇಲ್ಲ, ಓದಲೂ ಸಿಗುವುದಿಲ್ಲ. ಪಿಎಚ್‌ಡಿ ಪ್ರಬಂಧಗಳು ಶೋಧಗಂಗಾ ಎಂಬ ಜಾಲತಾಣದಲ್ಲಿ ಓದಲು ಸಿಗುತ್ತವೆ, ಒಳ್ಳೆಯದೇ. ಅದೇ ವಿದ್ವಾಂಸರು ಸರ್ಕಾರಿ ಅನುದಾನದಲ್ಲಿ ಸಂಗ್ರಹಿಸಿದ ಧ್ವನಿಸುರುಳಿಗಳು ಮಾತ್ರ ಬೀರುವಿನಲ್ಲಿ ಧೂಳು ತಿನ್ನುತ್ತವೆ. ಲೇಖಕರಿಗೆ ಸಂಭಾವನೆ ಕೊಟ್ಟು, ಹಾಡಿದವರ ಒಪ್ಪಿಗೆ ಪಡೆದು, ಮೊದಲ ಮುದ್ರಣ ಮುಗಿದ ಮೇಲೆ ಹೆಸರು ಹೇಳಿ ಅದೇ ಷರತ್ತಿನಲ್ಲಿ ಹಂಚುವ ಪರವಾನಗಿಗೆ ಬಿಡಬೇಕು ಎಂಬುದು ಅನುದಾನದ ಕಡ್ಡಾಯ ಷರತ್ತಾಗಬೇಕು.

ಚಿತ್ರದುರ್ಗದ ಬಗ್ಗೆ ಬರೆದದ್ದನ್ನೇ ತೆಗೆದುಕೊಳ್ಳಿ. ಜಿಲ್ಲೆಯ ಶಾಸನಗಳನ್ನು ಪ್ರಕಟಿಸಿದ ಬಿ.ಎಲ್. ರೈಸ್ 1927ರಲ್ಲಿ ತೀರಿಕೊಂಡರು. ಅವರ ಆ ಸಂಪುಟ ಇಂದು ಎಲ್ಲರದು. ಇಲ್ಲಿನ ಪಾಳೆಯಗಾರರ ಇತಿಹಾಸ ಬರೆದ ಎಂ.ಎಸ್. ಪುಟ್ಟಣ್ಣನವರು ತೀರಿಕೊಂಡದ್ದು 1930ರಲ್ಲಿ. ಅದೂ ಎಲ್ಲರದು. ದುರ್ಗದ ಇತಿಹಾಸವನ್ನು ಕಾದಂಬರಿಗಳಲ್ಲಿ ಮನೆಮನೆಗೆ ಮುಟ್ಟಿಸಿದ ತ.ರಾ. ಸುಬ್ಬರಾಯರು 1984ರಲ್ಲಿ ತೀರಿಕೊಂಡರು. ಅವರ ಕೃತಿಗಳ ಹಕ್ಕು 2044ರ ಕೊನೆಯವರೆಗೆ ವಾರಸುದಾರರದು, ಅದನ್ನು ಏನು ಮಾಡಬೇಕೆಂಬುದು ಅವರ ತೀರ್ಮಾನ. ಆದರೆ 1967ರಲ್ಲಿ ಪ್ರಕಟವಾದ ಚಿತ್ರದುರ್ಗ ಜಿಲ್ಲಾ ಗೆಜೆಟಿಯರ್ ಸರ್ಕಾರದ ಕೃತಿ. ಪ್ರಕಟಣೆಯಿಂದ 60 ವರ್ಷದ ಲೆಕ್ಕದಲ್ಲಿ ಅದರ ಹಕ್ಕು 2027ರ ಕೊನೆಯವರೆಗೆ ಸರ್ಕಾರದ್ದು. ಆ ಹಕ್ಕಿನಿಂದ ಖಜಾನೆಗೆ ಬರುವ ಹಣ ಏನೂ ಇಲ್ಲ. ಅದನ್ನು ಮುಕ್ತಗೊಳಿಸಲು ಒಂದು ಆದೇಶ ಸಾಕು, ಮತ್ತು ಆ ಆದೇಶಕ್ಕಾಗಿ 2027 ಮುಗಿಯುವವರೆಗೆ ಕಾಯಬೇಕಾದ ಕಾರಣವೂ ಇಲ್ಲ.